ಯಲಗೂರಪ್ಪನ ಕೆಮ್ಮು
ಮಹಾಯುದ್ಧಕ್ಕೆ ಮೊದಲು ಬಿಜಾಪುರದ ಬಿಳಿ ಸಾಹೇಬರು ವಿಲಾಯಿತಿಯಿಂದ ಜಿಂಕೆಗಳನ್ನು ತರಿಸಿ ತಿಕೋಟಾದ ಬಯಲಿಗೆ ಬಿಟ್ಟರು. ಅಂದಿನಿಂದ ಅವರ ಶಿಕಾರಿಗೆ ದಾರಿ ತೋರಿಸುವವನು ಯಲಗೂರಪ್ಪನೊಬ್ಬನೇ. ಗಾಳಿ ಮೂಸಿಯೇ ಹಿಂಡು ಎಲ್ಲಿದೆಯೆಂದು ಹೇಳುತ್ತಾನೆ. ಜಿಂಕೆಯ ನಡಿಗೆ ನೋಡಿಯೇ ಅದರ ತೊಡೆಯ ಮಾಂಸ ಎಷ್ಟು ಹೊತ್ತು ಬೇಯಬೇಕೆಂದೂ ಹೇಳಬಲ್ಲ. “ಮೇಯೂವಾಗ ಹೊಡದ್ರ ಬೆಣ್ಣಿಯಂಗ ಕರಗತೈತ್ರಿ. ಬೆದರಿ ಓಡಿದ್ದು ಕೆರವಿನ ತೊಗಲ ಇದ್ದಂಗ” ಎಂಬುದು ಅವನ ಪಾಠ. ಅದನ್ನು ನಂಬಿ ಸಾಹೇಬರು ಉಸಿರು ಬಿಗಿಹಿಡಿದು ಹುಲ್ಲಿನಲ್ಲಿ ತೆವಳುತ್ತಾರೆ. ಬಂದೂಕು ಮೇಲೇರುತ್ತದೆ, ಬೆರಳು ಬಿಗಿಯುತ್ತದೆ. ಸರಿಯಾಗಿ ಆಗಲೇ ಯಲಗೂರಪ್ಪನಿಗೆ ಕೆಮ್ಮು ಬರುತ್ತದೆ. ಹಿಂಡು ದಿಕ್ಕಾಪಾಲಾಗುತ್ತದೆ. “ಬೆದರಿದ್ವು, ಬಿಡ್ರಿ ಸಾಹೇಬ್ರ. ಇನ್ನ ಹೊಡದ್ರೂ ತಿನ್ನಾಕ ಬರಂಗಿಲ್ಲ” ಎಂದು ಅವನೇ ಮೊದಲು ನಿಟ್ಟುಸಿರು ಬಿಡುತ್ತಾನೆ. ಮೊನ್ನೆ ಸಾಹೇಬರು ಕನಿಕರಪಟ್ಟು ಕೊಟ್ಟ ಕೆಮ್ಮಿನ ಔಷಧಿಯನ್ನು ಅವರ ಕಾರಕೂನನಾದ ನಾನೇ ಅವನ ಮನೆಗೆ ಒಯ್ದೆ. ಹೆಂಡತಿ ಮಲಕವ್ವ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಕೆಮ್ಮು ಯಾರಿಗ್ರಿ?” ಎಂದಳು.