ಅತ್ತೆ ತಟ್ಟಿದ ರೊಟ್ಟಿ

ಎಡಗಣ್ಣಿನ ಪೊರೆ ತೆಗೆಸಲು ಪುಣೆ ಹತ್ತಿರದ ನಿಗಡಿಯ ಕಣ್ಣಿನ ಆಸ್ಪತ್ರೆಗೆ ಎರಡು ಸಲ ಹೋಗಿ, ಎರಡು ಸಲವೂ ಹಾಗೆಯೇ ವಾಪಸು ಬಂದೆ. ಅಲ್ಲಿ ತೋಳಿಗೆ ಬಿಪಿ ಪಟ್ಟಿ ಸುತ್ತಿದರೆ ಸಾಕು, ಮನೆಯಲ್ಲಿ ತೆಪ್ಪಗಿರುವ ನನ್ನ ಬಿಪಿ ನೂರಾ ತೊಂಬತ್ತಕ್ಕೆ ಜಿಗಿಯುತ್ತದೆ. ಅದು ಇಳಿಯದೆ ಡಾಕ್ಟರು ಕಣ್ಣು ಮುಟ್ಟುವುದಿಲ್ಲ. ಇತ್ತ ಹಂಚಿನ ಮೇಲಿನ ರೊಟ್ಟಿ ಸೀದಿದ್ದು ವಾಸನೆ ಬಂದ ಮೇಲೆಯೇ ನನಗೆ ತಿಳಿಯುತ್ತಿತ್ತು. ಫ್ಯಾಕ್ಟರಿಯಿಂದ ನಿವೃತ್ತರಾಗಿ ಮನೆಯಲ್ಲಿರುವ ಯಜಮಾನರು ಒಂದು ದಿನ ಮೆಲ್ಲಗೆ, "ಇನ್ನ ಮುಂದ ಬ್ರೆಡ್ ತರ್ಲೇನು?" ಎಂದರು. ವಿಜಯಪುರದ ಹೆಣ್ಣಿಗೆ ಇದಕ್ಕಿಂತ ಅವಮಾನ ಬೇಕೆ?

ಆಸ್ಪತ್ರೆಯ ನರ್ಸ್ ಸೋಲಾಪುರದ ಕಡೆಯವಳು. ನನ್ನ ಮುಖ ನೋಡಿ ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದಳು; ಚಿಕ್ಕಮ್ಮ ಎನ್ನುವ 'ಮಾವಶಿ' ಮಾತ್ರ ಮರಾಠಿಯಲ್ಲೇ ಉಳಿಯಿತು. "ಮಾವಶಿ, ದಿನಾ ಹತ್ತು ನಿಮಿಷ ಕಣ್ಣ ಮುಚ್ಚಿ ಕುಂದರ್ರಿ. ಸಮುದ್ರದ ದಂಡಿ ನೆನಸ್ಕೋರಿ. ಮನಸು ತಣ್ಣಗ ಆಗತದ."

ಸೋಫಾದ ಮೇಲೆ ಕೂತು ನೆನೆಸಿಕೊಂಡೆ. ನಾನು ಸಮುದ್ರ ನೋಡಿದ್ದು ಒಂದೇ ಸಲ, ಭಜನಾ ಮಂಡಳಿಯವರ ಜೊತೆ ಕೊಂಕಣಕ್ಕೆ ಹೋದಾಗ. ಅವತ್ತು ಅಲೆ ನನ್ನ ಹೊಸ ಚಪ್ಪಲಿಯೊಂದನ್ನು ಎಳೆದುಕೊಂಡು ಹೋಗಿತ್ತು, ಮಂಡಳಿಯ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದರು. ಯಜಮಾನರು ನನ್ನ ತೋಳಿಗೆ ಕಟ್ಟಿದ್ದ ಮನೆಯ ಬಿಪಿ ಯಂತ್ರ ನೋಡಿ, "ಇನ್ನಷ್ಟ ಏರ್ಯದಲ್ಲ!" ಎಂದರು.

ಸಮುದ್ರ ಬಿಟ್ಟು ಮನಸ್ಸಿನಲ್ಲೇ ಊರಿನ ಹಳೆಯ ಅಡುಗೆಮನೆಗೆ ಹೋದೆ. ಹಿಟ್ಟು ನಾದಿ ರೊಟ್ಟಿ ತಟ್ಟತೊಡಗಿದೆ. ಎರಡು ರೊಟ್ಟಿಯವರೆಗೆ ನೆಮ್ಮದಿಯೋ ನೆಮ್ಮದಿ. ಮೂರನೆಯದಕ್ಕೆ ನಮ್ಮ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಅವರು ತೀರಿಕೊಂಡು ಹನ್ನೆರಡು ವರ್ಷವಾಗಿದೆ. "ಅಂಚು ಸೀಳ್ಯಾವ ನೋಡು," ಎಂದರು.

ದಿನವೂ ಇದೇ ಕಥೆ.

"ನಮ್ಮವ್ವನ್ನ ಯಾಕ ಕರೀತಿ?" ಯಜಮಾನರು ಕೇಳಿದರು.

"ಅವರನ್ನ ಕರೀಬೇಕೇನ್ರಿ? ತಾವ ಬರ್ತಾರ!"

ಮೂರನೆಯ ಸಲ ಆಸ್ಪತ್ರೆಗೆ ಹೋದಾಗ ನರ್ಸ್ ಪಟ್ಟಿ ಸುತ್ತಿದಳು. ಕಣ್ಣು ಮುಚ್ಚಿದೆ. ಹಿಟ್ಟು ಮುಟ್ಟುವ ಮೊದಲೇ ಅತ್ತೆ ಹಾಜರು. "ಅಂಚು..." ಎನ್ನುವಷ್ಟರಲ್ಲಿ ನನ್ನ ತಾಳ್ಮೆ ಹೋಯಿತು. "ಹಂಗಾರ ನೀವ ತಟ್ರಿ ಅತ್ತಿ," ಎಂದುಬಿಟ್ಟೆ. ಇಪ್ಪತ್ತು ವರ್ಷ ಜೊತೆಗಿದ್ದರೂ ಬಾಯಿಗೆ ಬಾರದಿದ್ದ ಮಾತು.

ಅತ್ತೆ ಒಲೆಯ ಮುಂದೆ ಕೂತು ತಟ್ಟತೊಡಗಿದರು. ನಾನು ಗೋಡೆಗೆ ಒರಗಿ ಎರಡೂ ಕಾಲು ಚಾಚಿದೆ. ಅತ್ತೆಯ ಎದುರು ಕಾಲು ಚಾಚಿದ ಸೊಸೆ ನಮ್ಮ ಮನೆತನದಲ್ಲೇ ಇಲ್ಲ. ಅವರು ಉಬ್ಬಿದ ಮೊದಲ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಹಿಂಡಿ ಹಾಕಿ ನನಗೇ ಕೊಟ್ಟರು. "ಬಿಸಿ ಅದ, ತಿನ್ನು." ಆ ಮನೆಯಲ್ಲಿ ಬಿಸಿ ರೊಟ್ಟಿ ಗಂಡಸರಿಗೆ, ನನಗೆ ಸಿಗುತ್ತಿದ್ದುದು ಕೊನೆಯ ತಣ್ಣನೆಯದು. ಅವರಿಗೂ ಅವರ ಅತ್ತೆಯ ಕಾಲದಲ್ಲಿ ಹಾಗೆಯೇ ಆಗಿರಬೇಕು. ನನಗೆ ಅಳು ಬಂತು.

"ನೂರಾ ಮೂವತ್ತೆರಡು!" ನರ್ಸ್ ಕೂಗಿದಳು. "ಎಲ್ಲಿ ಹೋಗಿದ್ರಿ ಮಾವಶಿ?"

"ಊಟಕ್ಕ," ಎಂದೆ.

ಆಪರೇಷನ್ ಆದ ಮರುದಿನ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದು, ಸೋಫಾದ ಮೇಲೆ ಆರಾಮಾಗಿ ಕಾಲು ಚಾಚಿ ಕೂತೆ. ಎದುರು ಗೋಡೆಯಲ್ಲಿದ್ದ ಅತ್ತೆಯ ಫೋಟೋ ಬಹಳ ದಿನಗಳ ಮೇಲೆ ನಿಚ್ಚಳವಾಗಿ ಕಂಡಿತು. ನೆಟ್ಟಗೆ ನನ್ನ ಕಾಲುಗಳನ್ನೇ ನೋಡುತ್ತಿದ್ದರು. ಗಡಬಡಿಸಿ ಮಡಚಿಕೊಂಡೆ. ಆಮೇಲೆ ಡಾಕ್ಟರು ಒಲೆಯ ಮುಂದೆ ಹೋಗಲು ಬಿಟ್ಟ ದಿನ, ಮೊದಲ ಬಿಸಿ ರೊಟ್ಟಿ ತಟ್ಟಿ ಅವರ ಫೋಟೋದ ಮುಂದಿಟ್ಟೆ. ಅಂಚು ಎಲ್ಲೂ ಸೀಳಿರಲಿಲ್ಲ.