ಪಕ್ಕದ ಕಿವಿ ಆರಿಸಿದ ಕ್ಲಾರಿನೆಟ್

ದೊರಾಯ್ ಅಕ್ಕ ಹಂದಿಗಳನ್ನು ಮಾರಿ ಮರದ ಕ್ಲಾರಿನೆಟ್ ತರಿಸುತ್ತಾಳಂತೆ ಎಂಬ ಸುದ್ದಿ ಅವಳ ಪುತೊ ಬುಟ್ಟಿಯ ಜೊತೆಗೇ ಮನೆಮನೆ ತಲುಪಿತು. ಆವಿಯಲ್ಲಿ ಬೇಯಿಸಿದ ಆ ಅಕ್ಕಿ ಕಡುಬನ್ನು ಅವಳು ಮೂವತ್ತು ವರ್ಷದಿಂದ ಬೆಳಗಾಗೆದ್ದು ನಮ್ಮ ಬೀದಿಗಳಲ್ಲಿ ಮಾರುತ್ತಿದ್ದಾಳೆ. ಮೀನು ಮಾರುವ ನೇನಾ ಎರಡು ಪುತೊ ತೆಗೆದುಕೊಂಡು, ಅವಳನ್ನು ಮಾತಿಗೆ ಎಳೆದಳು.

"ಹಂದಿ ಕೂಗಿದ್ರೂ ಒಂದು ರಾಗ ಬರ್ತಿತ್ತಲ್ಲೇ. ಅದನ್ನ ಮಾರಿ ಕೊಳವೆ ಯಾಕೆ ಕೊಳ್ತೀಯ?"

"ಬರ್ತಿತ್ತು ಕಣೇ. ಆದ್ರೆ ಎಲ್ಲಾ ನಿನ್ನ ಧ್ವನೀಲೇ ಬರ್ತಿತ್ತು," ಎಂದು ದೊರಾಯ್ ಬುಟ್ಟಿ ಎತ್ತಿಕೊಂಡು ಹೊರಟಳು.

ಮನಿಲಾ ಹತ್ತಿರದ ಬುಲಕಾನಿನ ಮೀನುಕೊಳಗಳ ನಡುವಿನ ನಮ್ಮ ಊರಿನಲ್ಲಿ ನಾಮಕರಣಕ್ಕೂ ಬ್ಯಾಂಡು, ಮದುವೆಗೂ ಬ್ಯಾಂಡು, ಸಾವಿಗಂತೂ ಸತ್ತವರನ್ನು ಬಿಟ್ಟು ಉಳಿದವರೆಲ್ಲ ಎದ್ದು ಕೂರುವಂಥ ಬ್ಯಾಂಡು. ಪಿಟೀಲು ಬಿಸಿಲಲ್ಲಿ ನಡೆಯಲಾರದು. ಹಾಗಾಗಿ ಪಿಟೀಲಿನ ಕೆಲಸವನ್ನೆಲ್ಲ ಕ್ಲಾರಿನೆಟ್ಟುಗಳ ಸಾಲು ಮಾಡುತ್ತದೆ. ನಾನು ಹಿಂದಿನ ಸಾಲಿನಲ್ಲಿ ತಾಳ ಬಡಿಯುವವಳು. ಕಾನ್ವೆಂಟಿನ ಸಿಸ್ಟರುಗಳು ನನಗೆ ಪಿಯಾನೊ ಕಲಿಸಲು ಹೋಗಿ, ತಾಳಲಾರದೆ ತಾಳ ಕೊಟ್ಟರು. ಅದರಿಂದ ಒಂದು ಲಾಭವಾಯಿತು: ತಾಳದವರಿಗೆ ಬಿಡುವು ಹೆಚ್ಚು, ಮುಂದಿನವರ ಬೆನ್ನು, ಕತ್ತು, ಕೆನ್ನೆ ಎಲ್ಲವನ್ನೂ ಪುರುಸೊತ್ತಾಗಿ ನೋಡಬಹುದು.

ದೊರಾಯ್ ಕೈಯಲ್ಲಿದ್ದದ್ದು ಕಲಿಯುವ ಮಕ್ಕಳಿಗೆಂದು ಮಾಡಿದ ಪ್ಲಾಸ್ಟಿಕ್ ಕ್ಲಾರಿನೆಟ್. ದೊಡ್ಡ ಡೋಲು ಹೊರುತ್ತಿದ್ದ ಅಪ್ಪ ಅವಳು ಸಣ್ಣವಳಿದ್ದಾಗ ತಂದುಕೊಟ್ಟದ್ದು. ಅದು ಎರಡು ಪ್ರವಾಹ ಈಜಿದೆ. ಒಂದು ಚಂಡಮಾರುತದಲ್ಲಿ ಅವಳ ಗಂಡ ಆಂಬೊ ಅದನ್ನು ಕಿಟಕಿಗೆ ಆನಿಸಿ, "ನೋಡು, ಗಾಳಿ ವಾದ್ಯ ಅಂದ್ರೆ ಇದೇ" ಎಂದಿದ್ದನಂತೆ. ಬೆರಳಿನಿಂದ ಒತ್ತುವ ಒಂದು ಕೀಲಿಯ ಸ್ಪ್ರಿಂಗ್ ಹೋಗಿ ಆ ಜಾಗದಲ್ಲಿ ಜಡೆಯ ರಬ್ಬರ್ ಬ್ಯಾಂಡು ಕೆಲಸ ಮಾಡುತ್ತಿತ್ತು. ಕಲಿಯುವುದಕ್ಕೆ ಅಷ್ಟು ಸಾಕು. ಆದರೆ ಕೆಳಗಿನ ಸ್ವರಗಳಿಂದ ಮೇಲಿನ ಸ್ವರಗಳಿಗೆ ದಾಟುವ ಕಡೆ ಒಂದು ಸೇತುವೆಯಂಥ ಜಾಗವಿದೆ. ಅಲ್ಲಿ ಅದು ಪ್ರತಿಸಲ ಎಡವುತ್ತಿತ್ತು. ಸೇತುವೆಯ ಈಚೆಗಿನ ಸ್ವರಗಳು ಜ್ವರ ಬಂದವರ ಹಾಗೆ ಬಿಳಿಚಿಕೊಂಡು, ಒಂದು ದಿನ ಮೇಲೆ, ಒಂದು ದಿನ ಕೆಳಗೆ ನಿಲ್ಲುತ್ತಿದ್ದವು.

ಈಗ ಕ್ಲಾರಿನೆಟ್ ಸಾಲಿನ ಮೊದಲ ಕುರ್ಚಿ ಅವಳದಾಗಿತ್ತು. ಗುಡ್ ಫ್ರೈಡೆಯ ಸಂಜೆ ಶೋಕಮಾತೆಯ ವಿಗ್ರಹದ ಹಿಂದೆ ನಾವು ನುಡಿಸುವ ನಿಧಾನದ ನಡೆಯಲ್ಲಿ ಒಂದು ಕಡೆ ಡೋಲು, ತುತ್ತೂರಿ, ತಾಳ ಎಲ್ಲ ನಿಂತುಬಿಡುತ್ತವೆ. ಮೊದಲ ಕ್ಲಾರಿನೆಟ್ ಒಂದೇ ರಾಗ ಹಿಡಿದು ಹೋಗುತ್ತದೆ, ಎರಡನೆಯದು ಅದರ ಕೆಳಗೆ ನೆರಳಿನ ಹಾಗೆ ಸಾಗುತ್ತದೆ. ಕಳೆದ ವರ್ಷ ನೆರಳು ಇರಲಿಲ್ಲ.

ಎರಡನೆಯ ಕುರ್ಚಿಯವರು ಮಾಂಗ್ ಸಿಲ್ವೆರಿಯೊ. ವೃತ್ತಿಯಲ್ಲಿ ದರ್ಜಿ. ಊರಿನ ಹಿರಿಯರನ್ನೆಲ್ಲ ನಾವು ಮಾಂಗ್ ಎನ್ನುತ್ತೇವೆ, ಇವರನ್ನು ಮಾತ್ರ ಸ್ವಲ್ಪ ಹೆದರಿಕೊಂಡು ಎನ್ನುತ್ತೇವೆ. ದೊರಾಯ್ ಸೇರಿ ಅರ್ಧ ಬ್ಯಾಂಡಿಗೆ ಪಾಠ ಹೇಳಿದವರು, ಶ್ರುತಿ ಕೂದಲೆಳೆ ತಪ್ಪಿದರೂ ನಡುಬೀದಿಯಲ್ಲಿ ನಿಲ್ಲಿಸಿ ಬೈದವರು. ಎರಡು ವರ್ಷದಿಂದ ಅವರ ಬೈಗುಳ ನಿಂತಿತ್ತು. ಬೆರಳು ಓಡುತ್ತಿತ್ತು, ಕೆನ್ನೆ ಅಲ್ಲಾಡುತ್ತಿರಲಿಲ್ಲ. ಕಿವಿ ಮಂದವಾಗಿ, ತಮ್ಮ ಸ್ವರ ಎಲ್ಲಿದೆಯೆಂದು ತಮಗೇ ತಿಳಿಯದೆ, ತಪ್ಪು ಸ್ವರಕ್ಕಿಂತ ಮೌನವೇ ಮೇಲೆಂದು ಅವರು ಊದುವುದನ್ನೇ ಬಿಟ್ಟಿದ್ದರು. ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತೆಂಬುದೂ ಸುದ್ದಿಯಾಗುವ ನಮ್ಮ ಊರಿನಲ್ಲಿ ಈ ವಿಷಯ ಇಡೀ ಬ್ಯಾಂಡಿಗೆ ಗೊತ್ತಿದ್ದೂ ಯಾರೂ ಯಾರಿಗೂ ಹೇಳಿರಲಿಲ್ಲ.

ವಾದ್ಯ ಆರಿಸುವಾಗ ನಮ್ಮ ಬ್ಯಾಂಡಿನದೊಂದು ಪದ್ಧತಿಯಿದೆ. ಊದುವವರು ತಮ್ಮದನ್ನು ತಾವೇ ಆರಿಸುವಂತಿಲ್ಲ. ಊದುವವರಿಗೆ ತಮ್ಮ ಸ್ವರ ಹಲ್ಲು, ತಲೆಬುರುಡೆಗಳ ಒಳಗಿನಿಂದ ಕೇಳುತ್ತದೆ, ಆದ್ದರಿಂದ ತಾವೇ ಚೆನ್ನಾಗಿದ್ದೇವೆಂದು ಊದಿಕೊಳ್ಳುವುದು ಸಹಜ. ನಿಜವಾಗಿ ಕೇಳುವುದು ಪಕ್ಕದ ಕುರ್ಚಿಯವರಿಗೆ. ಅವರೇ ಆರಿಸಬೇಕು.

ಮನಿಲಾದ ವಾದ್ಯದಂಗಡಿಯ ಒನೊರಾತೊ, ಗುಡ್ ಫ್ರೈಡೆಗೆ ಮುಂಚಿನ ಉಪವಾಸಕಾಲವಾದ ಲೆಂಟ್ ಶುರುವಾಗುವ ಮುಂಚಿನ ಭಾನುವಾರ, ಎರಡು ಪೆಟ್ಟಿಗೆ ಹಿಡಿದು ನಮ್ಮ ತಾಲೀಮು ಮನೆಗೆ ಬಂದ. ಎರಡರ ಬೆಲೆಯೂ ಒಂದೇ. ಒಂದನ್ನು ಇಲ್ಲಿ ಬಿಟ್ಟು ಇನ್ನೊಂದನ್ನು ಅವನು ಸಂಜೆಯ ಬಸ್ಸಿಗೆ ವಾಪಸ್ ಒಯ್ಯಬೇಕು. ಪೆಟ್ಟಿಗೆ ತೆರೆದಾಗ ಮೂಗಿಗೆ ಎಣ್ಣೆಯ ವಾಸನೆ ಬಂತು. ಕಪ್ಪೆಂದರೆ ಬಣ್ಣ ಬಳಿದ ಕಪ್ಪಲ್ಲ. ವಾಲಿಸಿ ಬೆಳಕಿಗೆ ಹಿಡಿದರೆ ಒಳಗಿನಿಂದ ಕೆನ್ನೇರಳೆ ಎಳೆಗಳು ಎದ್ದು ಬರುತ್ತಿದ್ದವು.

"ಆಫ್ರಿಕಾದ ಮರ," ಎಂದ ಒನೊರಾತೊ. "ಇದು ದೊಡ್ಡದಾಗೋ ಹೊತ್ತಿಗೆ ನೆಟ್ಟವರ ಮೊಮ್ಮಕ್ಕಳಿಗೆ ಹಲ್ಲು ಬಿದ್ದಿರುತ್ತೆ. ನೀರಿಗೆ ಹಾಕಿದ್ರೆ ತೇಲಲ್ಲ, ಮುಳುಗುತ್ತೆ."

"ಹಾಗಾದ್ರೆ ಪ್ರವಾಹಕ್ಕೆ ನಮ್ಮ ಹಳೇದೇ ವಾಸಿ," ಎಂದ ಆಂಬೊ. ಯಾರೂ ನಗಲಿಲ್ಲ. ಆಂಬೊ ಕೂಡ.

ದೊರಾಯ್ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗಾಗಿಸಿದಳು. ಊದುವ ತುದಿಯೂ ಅದರಲ್ಲಿ ನಡುಗಿ ಸ್ವರ ಹುಟ್ಟಿಸುವ ಬೆತ್ತದ ಪಟ್ಟಿಯೂ ತನ್ನ ಹಳೆಯವೇ ಇರಲೆಂದಳು. ಅವನ್ನೂ ಬದಲಿಸಿದರೆ ಯಾವ ಗುಣ ಯಾವುದರದೆಂದು ತಿಳಿಯುವುದಿಲ್ಲವಲ್ಲ. ಆಮೇಲೆ ಮಾಂಗ್ ಸಿಲ್ವೆರಿಯೊ ಕಡೆ ತಿರುಗಿದಳು.

"ಬನ್ನಿ ಮಾಂಗ್, ಕೂತ್ಕೊಳ್ಳಿ."

"ಬೇರೆ ಯಾರನ್ನಾದ್ರೂ ಕರೆಯಮ್ಮ. ನನ್ನ ಕಿವಿ ರಿಟೈರ್ ಆಗಿದೆ."

ಅಷ್ಟು ನೇರವಾಗಿ ಅವರೇ ಹೇಳಿದ್ದು ಅದೇ ಮೊದಲು. ನಾವೆಲ್ಲ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು.

"ಕಿವಿ ಎರಡಿದೆಯಲ್ಲ ಮಾಂಗ್, ಒಂದಾದ್ರೂ ಡ್ಯೂಟೀಲಿರುತ್ತೆ. ಪಕ್ಕದ ಕುರ್ಚಿ ಯಾರದ್ದು? ನಿಮ್ಮದು. ಬನ್ನಿ."

ಅವರು ಬಂದು ಕೂತರು. ಅಭ್ಯಾಸಬಲದಿಂದ ತಮ್ಮ ಕ್ಲಾರಿನೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ದೊರಾಯ್ ಗೋಡೆಯ ಕಡೆ ಮುಖ ಮಾಡಿ ಮೊದಲನೆಯದನ್ನು ಊದಿದಳು.

ಅದನ್ನು ಹೇಗೆ ಹೇಳುವುದೋ ನನಗೆ ತಿಳಿಯದು. ದಿನಾ ನೋಡಿದ ನಮ್ಮ ದೊರಾಯ್, ಮೊಣಕೈಗೆ ಅಕ್ಕಿಹಿಟ್ಟು ಅಂಟಿದ ದೊರಾಯ್, ಅವಳ ಉಸಿರು ಹಾಗೆ ಇತ್ತೇ? ಇಷ್ಟು ವರ್ಷ ಆ ಉಸಿರು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಳ ಹಾಕಿಕೊಂಡು ಕೂತಿತ್ತೇ? ಸ್ವರ ಜೇನಿನ ಹಾಗೆ ಇಳಿದು, ಸೇತುವೆ ದಾಟಿತೆಂದೇ ಗೊತ್ತಾಗದೆ ದಾಟಿ, ಮಾಡಿನವರೆಗೆ ತುಂಬಿತು. ಕಿಟಕಿಯಾಚೆ ನೇನಾ ಮೀನಿನ ತಕ್ಕಡಿ ಹಿಡಿದು ಹಾಗೆಯೇ ನಿಂತಿದ್ದಳು. ದೊರಾಯ್ ನಿಲ್ಲಿಸಿ, ಕೈಲಿದ್ದ ಮರವನ್ನು ನೋಡಿ, ಯಾರಿಗೂ ಅಲ್ಲದೆ "ಅಯ್ಯೋ ಮಾತೆ" ಎಂದಳು.

ಮಾಂಗ್ ಸಿಲ್ವೆರಿಯೊ ತಮ್ಮದನ್ನು ತುಟಿಯವರೆಗೆ ಎತ್ತಿದ್ದರು. ಊದದೆ ಇಳಿಸಿದರು.

ಎರಡನೆಯದು ಸೊಗಸೇ. ಆದರೆ ಮೊದಲನೆಯದನ್ನು ಕೇಳಿದ ಕಿವಿಗೆ ಸ್ವಲ್ಪ ಒಣ ಅನ್ನಿಸಿತು. ಸಕ್ಕರೆಯಿಲ್ಲದ ಸ್ವರ. ಅದರಲ್ಲಿ ಒಂದೊಂದು ಸ್ವರವೂ ತನ್ನ ಜಾಗದಲ್ಲಿ, ಗೋಡೆಗೆ ಮೊಳೆ ಹೊಡೆದ ಹಾಗೆ ನಿಲ್ಲುತ್ತಿತ್ತು. ನಾವು ಆಗಲೇ ಒಳಗೊಳಗೆ ತೀರ್ಪು ಕೊಟ್ಟಾಗಿತ್ತು. ಅಷ್ಟರಲ್ಲಿ ದೊರಾಯ್ ಸ್ವರದ ಅಡಿಯಲ್ಲಿ ಇನ್ನೇನೋ ಕೇಳಿಸಿತು. ಬಾಗಿಲ ಸಂದಿಯಿಂದ ಬಂದ ಬೆಳಕಿನಷ್ಟು ತೆಳು. ಮಾಂಗ್ ಸಿಲ್ವೆರಿಯೊ ಕೆನ್ನೆ ಒಳಗೆ ಹೋಗಿತ್ತು. ಒಂದು ಸ್ವರ, ಒಂದೇ. ಆಮೇಲೆ ಅವರೇ ಬೆಚ್ಚಿದವರಂತೆ ನಿಲ್ಲಿಸಿದರು.

"ಇದು," ಎಂದರು.

ಒನೊರಾತೊಗೆ ತಡೆಯಲಿಲ್ಲ. "ಅಜ್ಜಾ, ಇನ್ನೊಂದು ಸಲ ಕೇಳಿ. ಮೊದಲನೇದು ನೂರರಲ್ಲಿ ಒಂದು ಸಿಗೋದು."

"ಗೊತ್ತಪ್ಪ. ಅದು ಮದುವೆ ಹೆಣ್ಣಿನ ಕಾರು. ಬಂದ್ರೆ ಉಳಿದವರೆಲ್ಲ ರಸ್ತೆ ಬಿಟ್ಟು ನಿಲ್ಲಬೇಕು. ಇದರ ಪಕ್ಕ ಕೂತ್ರೆ ನಾನೆಲ್ಲಿದ್ದೀನಿ ಅಂತ ನನಗೆ ತಿಳಿಯುತ್ತೆ." ದೊರಾಯ್ ಕಡೆ ತಿರುಗಿ, "ಆದ್ರೆ ಹಂದಿ ನಿಂದು, ಉಸಿರು ನಿಂದು. ನನ್ನ ಮಾತು ಕೇಳಬೇಡ ದೊರಾಯ್," ಎಂದರು.

ಪದ್ಧತಿಯನ್ನು ಪದ್ಧತಿಯವರೇ ಬಿಟ್ಟುಕೊಟ್ಟ ಮೇಲೆ ಅವಳು ಯಾವುದನ್ನು ಆರಿಸಿದರೂ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ದೊರಾಯ್ ಮೊದಲನೆಯದನ್ನು ಮತ್ತೆ ಕೈಗೆತ್ತಿಕೊಂಡಳು. ಬೇರೆಯವರ ಕೂಸನ್ನು ವಾಪಸ್ ಕೊಡುವ ಮುಂಚೆ ನೋಡುವ ಹಾಗೆ ನೋಡಿದಳು. ಇನ್ನೊಂದು ಕ್ಲಾರಿನೆಟ್ ಕೊಳ್ಳುವಷ್ಟು ಹಂದಿಯೂ ಇಲ್ಲ, ಹಂದಿ ಸಾಕುವಷ್ಟು ಆಯುಸ್ಸೂ ಇಲ್ಲ. ಅದು ನಮಗೂ ಗೊತ್ತು, ಅವಳಿಗೂ ಗೊತ್ತು. ಆಂಬೊ ಮೆಲ್ಲಗೆ, "ನಿನಗೆ ಬೇಕಾದ್ದು ತಗೊಳ್ಳೇ, ನಾನಿದ್ದೀನಿ," ಎಂದ. ಅವಳು ಅಂಗಿಯ ತೋಳಿನಲ್ಲೇ ಅದನ್ನು ಒರೆಸಿ, ಭಾಗಭಾಗವಾಗಿ ಬಿಚ್ಚಿ, ಪೆಟ್ಟಿಗೆಯಲ್ಲಿ ಮಲಗಿಸಿ, ಚಿಲಕ ಹಾಕಿ ಒನೊರಾತೊ ಕೈಗೆ ಕೊಟ್ಟಳು.

"ಜೋಪಾನ. ಬಸ್ಸಲ್ಲಿ ಬಿಸಿಲು ಬೀಳೋ ಕಡೆ ಇಡಬೇಡ."

ಹೊಸ ಮರವನ್ನು ಒಂದೇ ಸಲಕ್ಕೆ ಹೆಚ್ಚು ಊದಿದರೆ ಉಸಿರಿನ ತೇವಕ್ಕೆ ಅದು ಬಿರುಕು ಬಿಡುತ್ತದೆ. ಲೆಂಟ್ ಪೂರ್ತಿ ದೊರಾಯ್ ಮನೆಯಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಊದಿದಳು. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒಣಗಿಸಿ, ಗಾಳಿ ತಾಗದಂತೆ ಮುಚ್ಚಿಡುತ್ತಿದ್ದಳು. "ನನ್ನ ಮಕ್ಕಳಿಗೂ ಇಷ್ಟು ಬಾಣಂತನ ಆಗಿರಲಿಲ್ಲ," ಎಂದ ಆಂಬೊ. ತಾಲೀಮಿಗೆ ಹಳೆಯದನ್ನೇ ತರುತ್ತಿದ್ದಳು. ಅದರ ಪಕ್ಕ ಮಾಂಗ್ ಸಿಲ್ವೆರಿಯೊ ಬೆರಳು ಓಡಿಸುತ್ತ, ಕೆನ್ನೆ ಅಲ್ಲಾಡಿಸದೆ ಕೂರುತ್ತಿದ್ದರು. ಅಂದು ಕೇಳಿದ ಆ ಒಂದು ಸ್ವರ ನಿಜವಾಗಿ ಕೇಳಿದ್ದೋ, ನಾವೆಲ್ಲ ಬಯಸಿದ್ದೋ ಎಂದು ನನಗೇ ಅನುಮಾನ ಹತ್ತಿತು. ಅವಳು ಆ ಜೇನಿನಂಥ ಸ್ವರವನ್ನು ಬಿಟ್ಟುಕೊಟ್ಟಿದ್ದು ಸುಮ್ಮನೆ ಆಗಿಬಿಟ್ಟರೆ?

ಗುಡ್ ಫ್ರೈಡೆ ಬಂತು. ಹೊತ್ತು ಇಳಿಯುತ್ತಿದ್ದಂತೆ ಕಪ್ಪುಡುಗೆಯ ಮಾತೆ ಮುಂದೆ, ಮೇಣದ ಬತ್ತಿ ಹಿಡಿದ ಊರು ಎರಡೂ ಬದಿಗೆ, ನಾವು ಹಿಂದೆ. ಚರ್ಚಿನ ಮುಂದಿನ ತಿರುವಿನಲ್ಲಿ ಆ ಜಾಗ ಬಂತು. ಡೋಲು ನಿಂತಿತು. ನಾನು ತಾಳಗಳನ್ನು ಎದೆಗೊತ್ತಿಕೊಂಡೆ. ಹೊಸ ಕ್ಲಾರಿನೆಟ್ಟಿನ ಸ್ವರ ಮೇಲೆದ್ದಿತು. ಬಯಲಿನಲ್ಲಿ, ಸಾವಿರ ಚಪ್ಪಲಿಗಳ ಸದ್ದಿನ ಮೇಲೆ, ಅದು ಎಲ್ಲೂ ಚೆದುರದೆ ನೆಟ್ಟಗೆ ನಡೆಯಿತು. ಒಂದು ಸಾಲು ಮುಗಿಯಿತು. ಒಂಟಿಯಾಗಿ. ಎರಡನೆಯ ಸಾಲೂ ಒಂಟಿಯಾಗಿಯೇ ಶುರುವಾಯಿತು.

ಆಗ "ಕೀಚ್" ಎಂದಿತು.

ಬಾತುಕೋಳಿಯನ್ನು ತುಳಿದ ಹಾಗೆ, ಅಷ್ಟು ಪವಿತ್ರವಾದ ಮೌನದ ನಟ್ಟನಡುವೆ. ಮೇಣದ ಬತ್ತಿಯವರು ತಿರುಗಿ ನೋಡಿದರು. ನಮ್ಮ ಸಾಲಿನಲ್ಲಿ ಮಾತ್ರ ಒಬ್ಬರೂ ಉಸಿರಾಡಲಿಲ್ಲ. ಬೆರಳು ಮಾತ್ರ ಆಡಿಸುವವರಿಂದ ಅಂಥ ಸದ್ದು ಬರುವುದಿಲ್ಲ. ನನ್ನ ಮುಂದೆ ಮಾಂಗ್ ಸಿಲ್ವೆರಿಯೊ ಕತ್ತು ಕಿವಿಯವರೆಗೆ ಕೆಂಪಾಗಿತ್ತು. ದೊರಾಯ್ ತಿರುಗಿ ನೋಡಲಿಲ್ಲ. ತನ್ನ ಸ್ವರವನ್ನು ಇದ್ದಲ್ಲೇ, ಇದ್ದಷ್ಟೇ ಎತ್ತರದಲ್ಲಿ ಹಿಡಿದು ನಿಂತಳು. ಇನ್ನೂ ಹಿಡಿದಳು. ಇಷ್ಟು ಉಸಿರು ಒಬ್ಬ ಹೆಂಗಸಿನ ಎದೆಯಲ್ಲಿ ಎಲ್ಲಿತ್ತೋ. ಕೆಳಗಿನಿಂದ, ಕತ್ತಲಲ್ಲಿ ಗೋಡೆ ತಡವುತ್ತ ಬಂದವರಂತೆ, ಇನ್ನೊಂದು ಸ್ವರ ಅದನ್ನು ಮುಟ್ಟಿತು. ನಡುಗಿತು, ಸರಿಯಾಯಿತು, ಕೂತಿತು. ಎರಡೂ ಒಟ್ಟಿಗೆ ತಿರುವು ದಾಟಿದವು. ಆ ಎರಡು ಕೊಳವೆಗಳ ನಡುವಿನ ಗಾಳಿಯಲ್ಲಿ ಯಾರೂ ಊದದ ಮೂರನೆಯ ಸ್ವರವೊಂದು ಕೇಳಿಸಿತೆಂದು ನಾನು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಮುಂದೆ ನಾನು ತಾಳ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಬ್ಯಾಂಡ್ ಮಾಸ್ತರರೂ ಯಾಕೆಂದು ಕೇಳಲಿಲ್ಲ.

ಮೆರವಣಿಗೆ ಚರ್ಚಿನೊಳಗೆ ಹೋದ ಮೇಲೆ ನಾವು ಅಂಗಳದಲ್ಲಿ ಶುಂಠಿ ಕಷಾಯ ಕುಡಿಯುತ್ತ ನಿಂತೆವು. ದೊರಾಯ್ ತನ್ನ ವಾದ್ಯದೊಳಗೆ ಬಟ್ಟೆ ಎಳೆಯುತ್ತಿದ್ದಳು. ಮಾಂಗ್ ಸಿಲ್ವೆರಿಯೊ ಅವಳ ಮುಂದೆ ಬಂದು ನಿಂತರು.

"ಮೂರನೇ ಸಾಲಿನ ಕೊನೇಲಿ ಕೂದಲೆಳೆ ಕೆಳಗಿಳಿದೆ ನೀನು. ಇಷ್ಟು ವರ್ಷ ಹೇಳಿಕೊಟ್ಟಿದ್ದು ಇದನ್ನೇನಾ? ಒಳ್ಳೇ ಮರ ಕೈಗೆ ಬಂದ್ರೆ ಸಾಲದು, ತಲೆಯೂ ಬೇಕು."

ದೊರಾಯ್ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲ್ಲಾಡುತ್ತಿತ್ತು, ನಗುವೋ ಅಳುವೋ ತಿಳಿಯಲಿಲ್ಲ.

"ಹೌದು ಮಾಂಗ್," ಎಂದಳು ಬಟ್ಟೆಯೊಳಗಿನಿಂದಲೇ. "ಬೈರಿ. ಇನ್ನೂ ಸ್ವಲ್ಪ ಬೈರಿ."