ಸಾಹೇಬರು ಊರಲ್ಲಿಲ್ಲದ ಶನಿವಾರ

ಜೂನ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ನಮ್ಮ ಬೆಳಗಾವಿ ಗೋದಾಮು ಮುಳುಗಿತು. ಆಗ ನಾವೆಲ್ಲ ಖಾನಾಪುರ ಶಾಖೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಮುಳುಗಿಸಿದವಳು ನಾನೇ. ಔಷಧಿ ಅಂಗಡಿಗಳಿಗೆ ಮಾಲು ಪೂರೈಸುವ ನಮ್ಮ ಸಂಸ್ಥೆಯಲ್ಲಿ, ಆಪತ್ತು ಬಂದರೂ ಕೆಲಸ ನಿಲ್ಲದಂತೆ ಅಣಕು ಕಸರತ್ತು ನಡೆಸುವುದು ನನ್ನ ನೌಕರಿ. ನನ್ನ ಲೆಕ್ಕದಲ್ಲಿ ಇದು ಐದನೆಯ ಆಪತ್ತು.

ಈ ಸಲ ಪಣಕ್ಕಿದ್ದದ್ದು ಖಾನಾಪುರದ ಫ್ರಿಜ್. ಅದರೊಳಗೆ ಇನ್ಸುಲಿನ್ ಇರುತ್ತದೆ. ಬೆಳಗಾವಿಯ ಸಾಹೇಬರು ಫೋನಿನಲ್ಲಿ ಹೂಂ ಅನ್ನದೆ ಶಾಖೆ ನೋಡಿಕೊಳ್ಳುವ ಅಕ್ಕಾವರು ಅದರಿಂದ ಒಂದು ಡಬ್ಬಿಯನ್ನೂ ಕಳಿಸುವಂತಿಲ್ಲ. ಮಳೆ ಜೋರಾದರೆ ಅಲ್ಲಿಂದ ಬೆಳಗಾವಿಗೆ ಫೋನೇ ಹತ್ತುವುದಿಲ್ಲ. ನಿರ್ಧಾರ ತಮಗೇ ಬಿಡಿ ಎಂದು ಅಕ್ಕಾವರು ಎಷ್ಟೋ ದಿನದಿಂದ ಕೇಳುತ್ತಿದ್ದರು. ಸಾಹೇಬರು ಕೊನೆಗೊಂದು ಷರತ್ತು ಹಾಕಿದರು: ಕಸರತ್ತಿನಲ್ಲಿ ಅಕ್ಕಾವರು ತಾವೇ ನಿರ್ಧರಿಸಿ ಮಧ್ಯಾಹ್ನ ಹನ್ನೆರಡರೊಳಗೆ ಮಾಲು ಕಳಿಸಿದರೆ ಅಧಿಕಾರ ಅವರದು. ಇಲ್ಲವಾದರೆ ಫ್ರಿಜ್ ಬೆಳಗಾವಿಗೆ ವಾಪಸ್.

ನಾನು ಮೊದಲು ಬರೆದ ಸನ್ನಿವೇಶದಲ್ಲಿ ಸಾಹೇಬರು ಪ್ರವಾಹಕ್ಕೆ ಸಿಕ್ಕಿ ತೀರಿಕೊಂಡಿದ್ದರು.

"ಬಿಡ್ತು ಅನ್ನು ತಂಗಿ! ಎಂಥಾ ಮಾತ ಬರದೀ!" ಎಂದು ಅಕ್ಕಾವರು ಹಾಳೆಯನ್ನೇ ಮಡಚಿಟ್ಟರು. "ಅವರ ಹೇಂತಿ ಕೇಳಿದ್ರ ಏನಂದಾರು?"

ಗಾಡಿ ಓಡಿಸುವ ಮಾಮಾ, ಆಸ್ಪತ್ರೆಗೆ ಸೇರಿಸೋಣ ಎಂದರು. ಅದೂ ಬೇಡವಾಯಿತು. ಕಾಲು ಮುರಿಯುವುದಕ್ಕೂ ಒಪ್ಪಿಗೆ ಸಿಗಲಿಲ್ಲ. ಮೂರು ತಿದ್ದುಪಡಿಯಾದ ಮೇಲೆ ಸಾಹೇಬರು ಫೋನು ಮರೆತು ಬೀಗರ ಮನೆಯ ಊಟಕ್ಕೆ ಹೋದರು.

"ಹೋಗ್ಲಿ ಪಾಪ, ಹೊಟ್ಟಿತುಂಬ ಉಂಡ ಬರ್ಲಿ" ಎಂದರು ಮಾಮಾ.

ತೊಡಕು ಒಂದೇ. ಊರಲ್ಲಿಲ್ಲದ ಸಾಹೇಬರು ಪರೀಕ್ಷಕರಾಗಿ ಫ್ರಿಜ್ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು.

ನಾನು ಬಾಗಿಲಾಚೆ ನಿಂತು ನಂದಗಡದ ಅಂಗಡಿಯವಳಾಗಿ ಫೋನು ಮಾಡಿದೆ: ಇನ್ಸುಲಿನ್ ಮುಗಿದಿದೆ. ಅಕ್ಕಾವರು ಸೆರಗು ಸರಿಮಾಡಿಕೊಂಡು ಕುರ್ಚಿಯತ್ತ ತಿರುಗಿದರು.

"ಸಾಹೇಬ್ರ, ನೀವು ಊರಾಗ ಇಲ್ಲ. ಏನ ಮಾಡೂಣ್ರಿ?"

"ನಾ ಊಟಕ್ಕ ಹೋಗೇನಿ. ನನ್ನ ಕೇಳಬ್ಯಾಡ್ರಿ."

"ಗೊತ್ತೈತ್ರಿ. ಆದ್ರೂ ಒಂದ ಮಾತ ಕೇಳಬೇಕಲ್ರಿ."

"ಗಾಡಿ ತೆಗೀಲೇನ್ರಿ ಸಾಹೇಬ್ರ?" ಮಾಮಾನೂ ಶುರುಮಾಡಿದರು.

'ಇಲ್ಲದವರನ್ನು ಕೇಳಿದ್ದು' ಎಂದು ತಲೆಬರಹ ಕೊಟ್ಟು ಗೀಟು ಎಳೆಯತೊಡಗಿದೆ. ಹನ್ನೊಂದು ಗೀಟು ಬಿದ್ದವು. ಹನ್ನೊಂದೂವರೆಯಾದರೂ ಫ್ರಿಜ್ ಮುಚ್ಚಿಯೇ ಇತ್ತು. ಅದು ಬೆಳಗಾವಿಗೆ ಹೊರಟಂತೆಯೇ ಎಂದುಕೊಂಡು ಮತ್ತೊಮ್ಮೆ ಫೋನು ಮಾಡಿದೆ: "ಅಕ್ಕಾರ, ಪೇಶಂಟ್ ಇಲ್ಲೇ ಕುಂತಾರ್ರಿ."

ಅಷ್ಟರಲ್ಲಿ ಸಾಹೇಬರಿಗೆ ತಡೆಯಲಾಗಲಿಲ್ಲ. ದಿನದ ರೂಢಿಯಂತೆ ಬಾಯಿ ಹಾಕಿದರು: "ಒಂದ ಡಬ್ಬಿ ಸಲುವಾಗಿ ಗಾಡಿ ಯಾಕ? ಸೋಮವಾರ ಕಳಸೂಣು."

ಅಕ್ಕಾವರು ಒಮ್ಮೆ ಫೋನನ್ನು ನೋಡಿದರು, ಒಮ್ಮೆ ಅವರನ್ನು.

"ಸಾಹೇಬ್ರ, ನೀವು ಬೀಗರ ಮನ್ಯಾಗ ಉಣ್ಣಾಕತ್ತೀರಿ. ಸುಮ್ನ ಉಣ್ರಿ."

ಹೇಳಿದವರೇ ಫ್ರಿಜ್ ತೆಗೆದರು. ಇನ್ಸುಲಿನ್ ಎಂದು ಚೀಟಿ ಅಂಟಿಸಿದ ಖಾಲಿ ಡಬ್ಬಿಯನ್ನು ಬರ್ಫದ ನಡುವೆ ಜೋಪಾನವಾಗಿ ಇಟ್ಟು ಮಾಮಾನ ಕೈಗೆ ಕೊಟ್ಟರು. ಮಾಮಾ ಟವೆಲಿನಲ್ಲಿ ನಗು ಮುಚ್ಚಿಕೊಂಡೇ ಗಾಡಿ ಹತ್ತಿದರು. ಹನ್ನೆರಡಕ್ಕೆ ಇನ್ನೂ ಹೊತ್ತಿತ್ತು.

ಸಾಹೇಬರು ಎದ್ದು ನಿಂತು, "ಫ್ರಿಜ್ ಇಲ್ಲೇ ಇರ್ಲಿ. ಅದರ ಕೀಲಿನೂ ನೀವ ಇಟಗೋರಿ" ಎಂದರು. "ಖರೇ ಹೇಳ್ತೀನಿ ಅಕ್ಕಾರ, ಬೀಗರ ಮನ್ಯಾಗ ನನಗ ಒಂದ ಹೋಳಗಿನೂ ನೀಡಲಿಲ್ಲ."

ಮುಂದೆ ಕಾಕತಿಯಲ್ಲಿರುವ ನಮ್ಮ ಇನ್ನೊಂದು ಗೋದಾಮಿಗೆ ನಾನು ಬೆಂಕಿ ಹಚ್ಚಬೇಕಿದೆ, ಕಾಗದದ ಮೇಲೆ. ಅಲ್ಲಿಯೂ ಸಾಹೇಬರು ಕುರ್ಚಿಯಲ್ಲಿ ಇರುತ್ತಾರೆ. ಎದುರಿಗೇ ಕುಳಿತ ಹಿರಿಯರನ್ನು ಇಲ್ಲ ಎಂದುಕೊಳ್ಳಲು ಜನರಿಗೆ ಕಲಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಹೊರಗೆ ಕಳಿಸಿ ಎನ್ನಬೇಡಿ. ನಮ್ಮವರು ಕಿಟಕಿಯಿಂದ ಬಗ್ಗಿ ಅವರನ್ನೇ ಕೇಳುತ್ತಾರೆ.